ನಿಂಬೆಹಣ್ಣು ಉರುಳಿದ ಕಡೆ

ಸೃಜನಶೀಲತೆ ನನಗೆ ಇಲಾಖೆಯ ಆದೇಶದ ಮೂಲಕ ಬಂದದ್ದು. ಅದಕ್ಕೆ ಮೊದಲು ನಾನು ಅದರ ಗೊಡವೆಗೆ ಹೋದವನಲ್ಲ. ಗಣಿತ ಮತ್ತು ವಿಜ್ಞಾನದ ಸೃಜನಶೀಲ ಬೋಧನೆ ಕುರಿತ ಮೂರು ದಿನದ ಕಾರ್ಯಾಗಾರಕ್ಕೆ ಪ್ರತಿ ಶಾಲೆಯಿಂದ ಒಬ್ಬರು ಹಾಜರಾಗತಕ್ಕದ್ದು ಎಂದು ವಾಟ್ಸಾಪಿನಲ್ಲಿ ಬಂತು. ಹೆಡ್‌ಮೇಡಂ ಸ್ಟಾಫ್ ರೂಮಿನ ಸುತ್ತ ಒಮ್ಮೆ ಕಣ್ಣು ಹಾಯಿಸಿದರು. ಪ್ರಾಯದವರೆಲ್ಲ ಉತ್ತರಪತ್ರಿಕೆಗಳ ಕಟ್ಟಿನ ಹಿಂದೆ ತಲೆ ಮರೆಸಿಕೊಂಡರು. ನಿವೃತ್ತಿಯ ಹೊಸ್ತಿಲಲ್ಲಿ ಒಂದು ಕಾಲಿಟ್ಟಿದ್ದ ನನ್ನನ್ನೇ ಸೃಜನಶೀಲನನ್ನಾಗಿ ಮಾಡುವುದೆಂದು ತೀರ್ಮಾನವಾಯಿತು. "ನೀವು ಹೋದ್ರೆ ನಮ್ಮ ಶಾಲೆಗೆ ಗೌರವ ಸಾರ್" ಅಂದರು. ಗೌರವ ಅಂದರೆ ನಮ್ಮಲ್ಲಿ ಬೇರೆ ಯಾರೂ ಒಪ್ಪದ ಕೆಲಸ ಎಂದು ಅರ್ಥ.

ಕಾರ್ಯಾಗಾರ ನಡೆದದ್ದು ವರ್ತೂರಿನ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಖರ್ಚು ವೈಟ್‌ಫೀಲ್ಡಿನ ಯಾವುದೋ ಕಂಪನಿಯದು. ಆ ಕಂಪನಿಯವರು ಊಟ, ಬ್ಯಾಗು, ಪೆನ್ನು ಕೊಟ್ಟದ್ದಲ್ಲದೆ, ಆ ಶಾಲೆಗೆ ಒಂದು ಹೊಸ ಪ್ರಯೋಗಾಲಯವನ್ನೂ ಕಟ್ಟಿಸಿಕೊಡುವವರಿದ್ದರು. ಅದರ ಪಾಯಕ್ಕೆಂದು ಆಟದ ಮೈದಾನದ ಒಂದು ಬದಿಯಲ್ಲಿ, ಕಾಂಪೌಂಡಿಗೆ ತಾಗಿದಂತೆ, ದೊಡ್ಡ ಗುಂಡಿ ತೋಡಿದ್ದರು. ಅಗೆದಷ್ಟೂ ನೀರು ಒಸರುತ್ತಿತ್ತು. ಆ ನೀರನ್ನು ಎತ್ತಿ ಮೋರಿಗೆ ಬಿಡಲು ಒಂದು ಪಂಪು ಒಂದೇ ಸಮನೆ ಗುರ್ರ್ ಅನ್ನುತ್ತಿತ್ತು. ಮೊದಲ ಅರ್ಧ ಗಂಟೆ ಕಿರಿಕಿರಿಯಾಯಿತು. ಆಮೇಲೆ ಅದು ಇರುವುದೇ ಮರೆತುಹೋಯಿತು. ಮೇಷ್ಟ್ರುಗಳ ಕಿವಿ ಎಂಥ ಗಲಾಟೆಗೂ ಹೊಂದಿಕೊಳ್ಳುತ್ತದೆ, ಅದೇ ನಮ್ಮ ವೃತ್ತಿಯ ಏಕೈಕ ಸಿದ್ಧಿ.

ಆ ಶಾಲೆಯ ಗಣಿತದ ಮೇಷ್ಟ್ರು ನನ್ನ ಬಿ.ಎಡ್. ಕಾಲದ ಗೆಳೆಯ. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು ನಾವು. ದೇವರು, ದೆವ್ವ, ಮುಹೂರ್ತ ಯಾವುದನ್ನೂ ನಂಬದವನು. ಅಷ್ಟೇ ಆಗಿದ್ದರೆ ಪರವಾಗಿಲ್ಲ, ಇನ್ನೊಬ್ಬರು ನಂಬುವುದನ್ನೂ ಸಹಿಸದವನು. ಊರೂರಿಗೆ ಹೋಗಿ, ಬರಿಗೈಯಲ್ಲಿ ಬೂದಿ ಬರಿಸಿ, ನಾಲಗೆಯ ಮೇಲೆ ಕರ್ಪೂರ ಉರಿಸಿ, "ಇದು ಪವಾಡ ಅಲ್ಲ, ವಿಜ್ಞಾನ" ಎಂದು ಭಾಷಣ ಮಾಡಿ ಬರುತ್ತಿದ್ದ. ಅವನ ಮನೆ ಶಾಲೆಯ ಕಾಂಪೌಂಡಿನ ಆಚೆಗೇ ಇತ್ತು. ಕಾಂಪೌಂಡಿಗೂ ಆ ಕಟ್ಟಡಕ್ಕೂ ನಡುವೆ ತಳ್ಳುಗಾಡಿ ಹೋಗುವಷ್ಟು ಒಂದು ಗಲ್ಲಿ, ಅಷ್ಟೆ. ನೆಲಮಹಡಿ ಮತ್ತು ಮೇಲೆ ನಾಲ್ಕು ಅಂತಸ್ತು, ನವಿಲು ಬಣ್ಣ ಬಳಿದ ಹೊಸ ಕಟ್ಟಡ. ಮೂರನೇ ಅಂತಸ್ತಿನಲ್ಲಿ ಇವನ ಸಂಸಾರ: ಇವನು, ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಹೆಂಡತಿ, ಕೋಲಾರದ ಕಡೆಯಿಂದ ಬಂದು ಇವರೊಂದಿಗೇ ನೆಲೆಸಿರುವ ಅತ್ತೆ. ಹಗಲೆಲ್ಲ ಮನೆಯಲ್ಲಿರುವುದು ಅತ್ತೆ ಒಬ್ಬರೇ.

ಮೊದಲ ದಿನ ಚಹಾದ ಹೊತ್ತಿಗೆ ಅವನು ಅತ್ತೆಯ ಕತೆ ತೆಗೆದ.

"ನಮ್ಮತ್ತೆ ಮನೇಲಿ ಗಾಳಿ ಇದೆ ಅಂತಾರೆ ಕಣೋ."

"ಫ್ಯಾನಿಂದಾ?"

"ದೆವ್ವದ್ದು. ದೃಷ್ಟಿಗೆ ಅಂತ ಬಾಗಿಲ ಹತ್ರ ನಿಂಬೆಹಣ್ಣು ಇಡ್ತಾರೆ. ಬೆಳಗ್ಗೆ ಎದ್ದು ನೋಡಿದ್ರೆ ಅದು ಬಾಲ್ಕನಿ ಬಾಗಿಲಲ್ಲಿ ಕೂತಿರುತ್ತಂತೆ. ದಿನಾ. ಅದೇ ಜಾಗ. ಯಾರೋ ತಳ್ತಾರೆ ಅಂತ ಅವರ ವಾದ."

"ನೀನೇನಂದೆ?"

"ನೀರು ಹೊರಗೆ ಹೋಗ್ಲಿ ಅಂತ ಗಾರೆಯವ್ನು ನೆಲಕ್ಕೆ ವಾಟ ಕೊಟ್ಟಿರ್ತಾನೆ ಅಂದೆ. 'ಬಂದ ಹೊಸದರಲ್ಲಿ ಯಾಕೆ ಉರುಳ್ತಿರ್ಲಿಲ್ಲ?' ಅಂತ ನನ್ನೇ ಕೇಳ್ತಾರೆ! ಊರಿಗೆಲ್ಲ ವಿಜ್ಞಾನ ಹೇಳೋ ಮೇಷ್ಟ್ರ ಮನೇಲಿ ಈ ಗತಿ ನೋಡು."

ನಾವಿಬ್ಬರೂ ನಕ್ಕೆವು. ಕೋಣೆಯ ಬಾಗಿಲು ತಾನಾಗೇ ತೆರೆದುಕೊಳ್ಳುತ್ತದಂತೆ, ಅದನ್ನು ಹೇಳಿದಾಗಲೂ ನಕ್ಕೆವು. ಆ ಕ್ಷಣದಲ್ಲೇ ಮೂರನೇ ಅಂತಸ್ತಿನ ಬಾಲ್ಕನಿಯಿಂದ ಒಂದು ಬೆತ್ತದ ಬುಟ್ಟಿ ಹಗ್ಗದ ತುದಿಯಲ್ಲಿ ಇಳಿಯಿತು. ಗಲ್ಲಿಯಲ್ಲಿ ನಿಂತಿದ್ದ ಸೊಪ್ಪಿನವಳು ಅದಕ್ಕೆ ಎರಡು ಕಟ್ಟು ದಂಟು ಹಾಕಿದಳು. ಬುಟ್ಟಿ ಮೇಲೇರಿತು. "ಅವರೇ" ಅಂದ ಗೆಳೆಯ. "ಮೊದಲೆಲ್ಲ ಆ ಹಗ್ಗ ಕೆಳಗಿನ ಮನೆ ಗ್ರಿಲ್‌ಗೆ ಉಜ್ಜಿ ಉಜ್ಜಿ ಬಣ್ಣ ಕಿತ್ಹೋಯ್ತು ಅಂತ ಅವರ ಜತೆ ದಿನಾ ಜಗಳ. ಈಗೀಗ ಜಗಳ ಇಲ್ಲ. ಅತ್ತೆ ಕೈ ಪಳಗಿದೆ." ನಾನು ಹೌದೆಂದೆ. ವಡೆ ಬಿಸಿಯಾಗಿತ್ತು.

ಎರಡನೇ ದಿನ ಎತ್ತರ ಅಳೆಯುವ ಚಟುವಟಿಕೆ. ಅದನ್ನು ನಡೆಸಿಕೊಟ್ಟವರು ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಒಬ್ಬ ಹುಡುಗಿ. ನಮ್ಮ ಮಗಳ ವಯಸ್ಸು, ಆದರೆ ನಾವು "ಮೇಡಂ" ಅನ್ನಬೇಕು. ಅವಳಿಗೆ ನಮ್ಮ ಮೇಲೆ ಅಪಾರ ಉತ್ಸಾಹವಿತ್ತು. ಕಾಗದದ ಕೋನಮಾಪಕಕ್ಕೆ ಒಂದು ಜ್ಯೂಸಿನ ಕೊಳವೆ ಅಂಟಿಸಿ, ನಡುವಿನಿಂದ ದಾರ ಇಳಿಬಿಟ್ಟು, ದಾರದ ತುದಿಗೆ ಒಂದು ನಟ್ಟು ಕಟ್ಟಿದೆವು. ಕೊಳವೆಯಲ್ಲಿ ಕಣ್ಣಿಟ್ಟು ಕಟ್ಟಡದ ತುದಿ ನೋಡುವುದು. ದಾರ ನಲವತ್ತೈದು ಡಿಗ್ರಿ ತೋರಿಸುವವರೆಗೂ ಹಿಂದೆ ಹಿಂದೆ ಹೋಗುವುದು. ಅಲ್ಲಿಂದ ಕಟ್ಟಡದ ಬುಡಕ್ಕೆ ಎಷ್ಟು ದೂರವೋ, ಅದಕ್ಕೆ ನಮ್ಮ ಕಣ್ಣಿನ ಎತ್ತರ ಸೇರಿಸಿದರೆ ಕಟ್ಟಡದ ಎತ್ತರ. ಸೊಗಸಾದ ಪ್ರಯೋಗ. ಐವತ್ತು ದಾಟಿದ ಮೇಷ್ಟ್ರುಗಳು ಒಂದು ಕಣ್ಣು ಮುಚ್ಚಿಕೊಂಡು ಮೈದಾನದಲ್ಲಿ ಹಿಮ್ಮುಖವಾಗಿ ನಡೆಯುವುದನ್ನು ನೋಡಿದವರು, ದೇಶದ ಭವಿಷ್ಯದ ಬಗ್ಗೆ ಏನಂದುಕೊಂಡರೋ ತಿಳಿಯದು.

ಅಳೆಯಲು ಆರಿಸಿದ್ದು ಗೆಳೆಯನ ಕಟ್ಟಡವನ್ನೇ. ಸುತ್ತಮುತ್ತ ಅದೇ ಎತ್ತರದ್ದು. ಅರ್ಧ ಗುಂಪುಗಳು ಶಾಲೆಯ ಕಡೆಯಿಂದ ಅಳೆದವು. ನಾನು ಈ ಕಡೆ. ಟೇಪನ್ನು ಗುಂಡಿಯ ಬದಿಯಿಂದ ಎಳೆದು, ಕಾಂಪೌಂಡಿನ ಚಿಕ್ಕ ಗೇಟಿನಲ್ಲಿ ತೂರಿಸಿ, ಗಲ್ಲಿ ದಾಟಿಸಿ ಗೋಡೆಗೆ ಮುಟ್ಟಿಸಿದೆವು. ಉಳಿದ ಗುಂಪುಗಳು ಕಟ್ಟಡದ ಆಚೆ ಬದಿಗೆ, ರಸ್ತೆಯ ಕಡೆಯಿಂದ. ಗೆಳೆಯ ಆ ಕಡೆ.

ನಮಗೆ ಐವತ್ತನಾಲ್ಕೂವರೆ ಅಡಿ ಬಂತು. ಅವರಿಗೆ ಐವತ್ತೊಂದೂವರೆ.

ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿಯನ್ನು ಹೇಳಬೇಕು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಲೋಲಕ ತೂಗಾಡಿಸುವ ಹುಡುಗನಿಗೆ ಬರಬೇಕಾದ ಉತ್ತರ ಪುಸ್ತಕದಲ್ಲಿ ಮೊದಲೇ ಇರುತ್ತದೆ. ಅದನ್ನು ಕೊನೆಯ ಸಾಲಿನಲ್ಲಿ ಬರೆದುಕೊಂಡು, ಅಲ್ಲಿಂದ ಮೇಲಕ್ಕೆ ಲೆಕ್ಕ ಹತ್ತಿಸಿಕೊಂಡು ಹೋಗಿ, ಬೇಕಾದ ಅಳತೆಗಳನ್ನು ಕೋಷ್ಟಕದಲ್ಲಿ ತುಂಬುತ್ತಾನೆ. ರೀಡಿಂಗ್ ಕೂರಿಸುವುದು ಅನ್ನುತ್ತೇವೆ ನಾವು. ನಮ್ಮ ಮೇಷ್ಟ್ರು ನಮಗೆ ಕಲಿಸಿದರು, ನಾವು ಮುಂದಿನವರಿಗೆ ಕಲಿಸಿದೆವು. ಗುರುಪರಂಪರೆ. ಅಳತೆ ಪುಸ್ತಕಕ್ಕೆ ಹೊಂದದಿದ್ದರೆ ತಪ್ಪು ಅಳತೆಯದು, ಪ್ರಪಂಚದ್ದಲ್ಲ.

ಹಾಗಾಗಿ ಎಲ್ಲರೂ ಮೊದಲು ಮಾಡಿದ್ದು ಸರಿಯುತ್ತರ ಹುಡುಕುವ ಕೆಲಸ. ಕಟ್ಟಡದ ಮಾಲೀಕರು ರಸ್ತೆಯ ಕಡೆ, ನೆಲಮಹಡಿಯ ಶಟರಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಹಳೇ ಊರಿನವರು, ವ್ಯವಸಾಯದ ಮನೆತನ, ಈಗ ಬಾಡಿಗೆಯ ವ್ಯವಸಾಯ. ಬೆಳ್ಳಗೆ ಮಡಿಸಿದ ಪಂಚೆ, ಹಣೆಯಲ್ಲಿ ಕುಂಕುಮ.

"ಅಣ್ಣ, ನಿಮ್ ಬಿಲ್ಡಿಂಗ್ ಎಷ್ಟು ಎತ್ತರ?" ಎಂದು ಗೆಳೆಯ ಕೇಳಿದ.

"ಯಾಕೆ ಸಾ? ಕಂಪ್ಲೇಂಟಾ?"

"ಇಲ್ಲ ಅಣ್ಣ, ಪಾಠ."

"ಮಹಡಿಗೆ ಹತ್ತಡಿ, ನೆಲದ್ದೂ ಸೇರಿ ಐದು ಮಹಡಿ. ಮೇಲೆ ಮೂರಡಿ ಪ್ಯಾರಾಪೆಟ್ಟು. ಲೆಕ್ಕದ ಮೇಷ್ಟ್ರು, ನೀವೇ ಕೂಡ್ಕಳಿ."

ಐವತ್ತಮೂರು. ತರಬೇತಿಯ ಹಾಲಿಗೆ ಬಂದು ಮೂರನ್ನೂ ಬೋರ್ಡಿನ ಮೇಲೆ ಬರೆದೆವು. ಆಮೇಲೆ ಹಿಂದಿನ ಬೆಂಚಿನಿಂದ ಯಾರೋ ಕೂಗಿದರು: "ಎರಡಕ್ಕೂ ಸರಾಸರಿ ತೆಗೀರಿ ಸಾರ್!" ತೆಗೆದೆವು. ಐವತ್ತನಾಲ್ಕೂವರೆ, ಐವತ್ತೊಂದೂವರೆ. ಸರಾಸರಿ ಸರಿಯಾಗಿ ಐವತ್ತಮೂರು. ಕೂರಿಸುವ ಅಗತ್ಯವೇ ಇಲ್ಲದೆ ರೀಡಿಂಗ್ ತಾನಾಗಿ ಕೂತಿತ್ತು! ಚಪ್ಪಾಳೆ ಬಿತ್ತು. ಮೇಡಂ ಹುಡುಗಿ ಎರಡು ಸಲ ಕುಣಿದಳು. "ಎರರ್ ಕ್ಯಾನ್ಸಲ್ ಆಯ್ತು ಸರ್! ಸೂಪರ್!" ಎಂದು ಚಾರ್ಟ್ ಹಾಳೆಯ ಮೇಲೆ ದಪ್ಪಕ್ಷರದಲ್ಲಿ 53 ಬರೆದು, ಸುತ್ತಲೂ ಹೃದಯದ ಚಿತ್ರ ಬಿಡಿಸಿ ಗೋಡೆಗೆ ಅಂಟಿಸಿದಳು.

ಸಂಜೆ ಬಸ್ಸಿನಲ್ಲಿ ನಿಂತು ಹೋಗುವಾಗ ಆ ಹೃದಯ ನನ್ನ ಕಣ್ಣ ಮುಂದೆ ಬಂತು. ಟ್ರಾಫಿಕ್ಕಿನಲ್ಲಿ ಬಸ್ಸು ನಿಂತೇ ಇತ್ತು, ಯೋಚಿಸಲು ಸರ್ಕಾರವೇ ಸಮಯ ಒದಗಿಸಿತ್ತು. ಮೇಷ್ಟ್ರುಗಳ ತಪ್ಪು ನನಗೆ ಚೆನ್ನಾಗಿ ಗೊತ್ತು. ಒಬ್ಬನ ತಪ್ಪು ಹೆಚ್ಚಿಗೆ ಬೀಳುತ್ತದೆ, ಇನ್ನೊಬ್ಬನದು ಕಡಿಮೆ ಬೀಳುತ್ತದೆ, ಮೂರನೆಯವನು ಟೇಪನ್ನೇ ತಲೆಕೆಳಗೆ ಹಿಡಿದಿರುತ್ತಾನೆ. ಆದರೆ ಶಾಲೆಯ ಕಡೆಯ ಗುಂಪುಗಳಿಗೆಲ್ಲ ಹೆಚ್ಚೇ ಬಂದಿತ್ತು. ರಸ್ತೆಯ ಕಡೆಯವರಿಗೆಲ್ಲ ಕಡಿಮೆಯೇ ಬಂದಿತ್ತು. ತಪ್ಪು ಇಷ್ಟು ಶಿಸ್ತಿನಿಂದ ಬರಬಾರದು. ಶಿಸ್ತು ನಮ್ಮ ಗುಣವಲ್ಲ.

ಬಸ್ ಟಿಕೇಟಿನ ಹಿಂದೆ ಒಂದು ಗೆರೆ ಎಳೆದೆ, ಕಟ್ಟಡ. ಈ ಕಡೆ ಒಬ್ಬ, ಆ ಕಡೆ ಒಬ್ಬ. ಬುಡದಿಂದ ಅಳೆಯುತ್ತೇವೆ, ತುದಿಯನ್ನು ನೋಡುತ್ತೇವೆ. ತುದಿ ಬುಡದ ನೇರಕ್ಕೇ ಇದ್ದರೆ ಇಬ್ಬರಿಗೂ ಒಂದೇ ಉತ್ತರ ಬರಬೇಕು. ತುದಿ ಒಬ್ಬನ ಕಡೆಗೆ ಬಗ್ಗಿದ್ದರೆ ಅವನಿಗೆ ಎಷ್ಟು ಹೆಚ್ಚು ಬರುತ್ತದೋ, ಇನ್ನೊಬ್ಬನಿಗೆ ಅಷ್ಟೇ ಕಡಿಮೆ ಬರುತ್ತದೆ. ಸರಾಸರಿ ಮಾತ್ರ ಸರಿಯಾಗೇ ಬರುತ್ತದೆ. ನಾವು ಚಪ್ಪಾಳೆ ತಟ್ಟಿದ್ದು ಅದಕ್ಕೆ. ಗೆರೆಯನ್ನು ಸ್ವಲ್ಪ ಶಾಲೆಯ ಕಡೆಗೆ ಓರೆಯಾಗಿ ಎಳೆದೆ. ಒಂದೂವರೆ ಅಡಿ. ಪಕ್ಕದಲ್ಲಿ ಕೂತಿದ್ದಾಕೆ, "ಅಂಕಲ್, ಸೀಟ್ ಬೇಕಾ?" ಅಂದಳು. ಮುಖ ಹಾಗಾಗಿತ್ತೇನೋ.

ಮೂರನೇ ದಿನ ಶುಕ್ರವಾರ. ನಾನು ಬೇಗ ಹೋಗಿ ಗೆಳೆಯನನ್ನು ಮೈದಾನಕ್ಕೆ ಕರೆದು, ಟಿಕೇಟು ತೋರಿಸಿದೆ. ಅವನು ನೋಡಿ, ಮಡಿಸಿ ನನ್ನ ಜೇಬಿಗೇ ಹಾಕಿದ.

"ನಿಂಗೂ ನಮ್ಮತ್ತೆ ಗಾಳಿ ಮೆಟ್ಕೊಂಡ್ತಾ?"

"ದಾರ ಹಿಡಿದು ನೋಡೋಣ ಬಾರೋ. ಸುಮ್ನೆ."

ಮೈದಾನದ ತುದಿಯ ಬಾಸ್ಕೆಟ್‌ಬಾಲ್ ಕಂಬದ ಬಳಿ, ಕಟ್ಟಡದ ಪಕ್ಕ ಕಾಣುವಂತೆ ನಿಂತು, ನಟ್ಟು ಕಟ್ಟಿದ ದಾರವನ್ನು ಕೈ ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಕಟ್ಟಡದ ಮೂಲೆಗೆ ಜೋಡಿಸಿದೆ. ಬುಡದಲ್ಲಿ ದಾರವೂ ಮೂಲೆಯೂ ಒಂದಾಗಿದ್ದವು. ಮೇಲೆ ಹೋದಂತೆ ಮೂಲೆ ದಾರವನ್ನು ಬಿಟ್ಟು, ನಿಧಾನಕ್ಕೆ, ಶಾಲೆಯ ಕಡೆಗೆ ಸರಿದಿತ್ತು. ಅವನೂ ನೋಡಿದ. "ಗಾಳಿಗೆ ಅಲ್ಲಾಡ್ತಿದೆ ನಿನ್ನ ದಾರ" ಅಂದ. ಬಕೆಟ್ಟಿನಲ್ಲಿ ನೀರು ತಂದೆವು. ದಾರವನ್ನು ಆ ಕಂಬದ ಅಡ್ಡಪಟ್ಟಿಗೆ ಕಟ್ಟಿ, ನಟ್ಟನ್ನು ನೀರಿನಲ್ಲಿ ಮುಳುಗಿಸಿದೆವು. ದಾರ ಕಲ್ಲಿನಂತೆ ನಿಂತಿತು. ಮೂಲೆ ನಿಲ್ಲಲಿಲ್ಲ.

ಅಷ್ಟರಲ್ಲಿ ಉಳಿದ ಮೇಷ್ಟ್ರುಗಳೂ ಸೇರಿದರು. ಒಬ್ಬೊಬ್ಬರಾಗಿ ಕಣ್ಣು ಮುಚ್ಚಿ ನೋಡಿದರು. ನೋಡಿದವರೆಲ್ಲ ಒಂದೊಂದು ಕಾರಣ ಕೊಟ್ಟರು.

"ಪ್ಯಾರಲಾಕ್ಸ್ ಸಾರ್ ಅದು, ಕಣ್ಣಿನ ಮೋಸ."

"ನಿಮ್ಮ ಕಂಬವೇ ವಾಲಿದೆ ಕಣ್ರೀ."

"ಕಂಬ ವಾಲಿದ್ರೆ ದಾರ ಯಾಕ್ರೀ ವಾಲುತ್ತೆ? ಯಾವ ಮೇಷ್ಟ್ರು ಪಾಸ್ ಮಾಡಿದ್ದು ನಿಮ್ಮನ್ನ?"

"ಕಟ್ಟೋವಾಗ್ಲೇ ಹಂಗೆ ಕಟ್ಟಿರ್ತಾರೆ. ಈಗಿನ ಡಿಸೈನು."

ನಗು ಎದ್ದಿತು. ನಗುವಿನಲ್ಲಿ ಗೆಳೆಯನದೇ ಎಲ್ಲಕ್ಕಿಂತ ದೊಡ್ಡ ದನಿ. ಪಂಪು ಗುರ್ರ್ ಅನ್ನುತ್ತಲೇ ಇತ್ತು. ಮೇಡಂ ಹುಡುಗಿ ಬಂದು ಚಪ್ಪಾಳೆ ತಟ್ಟಿ ಎಲ್ಲರನ್ನೂ ಒಳಗೆ ಅಟ್ಟಿದಳು. ರಂಗೋಲಿಯಲ್ಲಿ ಸಮಮಿತಿ ಎಂಬ ಅಧಿವೇಶನವಿತ್ತು. ನನ್ನ ಚುಕ್ಕಿಗಳು ಒಂದಕ್ಕೊಂದು ಸೇರಲಿಲ್ಲ. ಕಿಟಕಿಯಾಚೆ ನವಿಲು ಬಣ್ಣ ಕಾಣುತ್ತಿತ್ತು. ಪ್ರತಿಸಲ ತಲೆಯೆತ್ತಿದಾಗಲೂ ಅದು ಸ್ವಲ್ಪ ಹತ್ತಿರ ಬಂದಂತೆ ಅನ್ನಿಸಿತು. ಹಾಗೆ ಅನ್ನಿಸುವುದು ಅಳತೆಯಲ್ಲ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ.

ಹನ್ನೊಂದೂಕಾಲರ ಚಹಾಕ್ಕೆ ಹೊರಗೆ ಬಂದು ನಾವಿಬ್ಬರೂ ಜಗಲಿಯ ಮೆಟ್ಟಿಲ ಮೇಲೆ ಕೂತೆವು. ಗಲ್ಲಿಯಲ್ಲಿ ಸೊಪ್ಪಿನವಳ ದನಿ ಕೇಳಿತು. ಮೂರನೇ ಅಂತಸ್ತಿನ ಬಾಲ್ಕನಿಯಲ್ಲಿ ಅತ್ತೆಯ ಬಿಳಿಗೂದಲು ಕಂಡಿತು. ಬುಟ್ಟಿ ಇಳಿಯತೊಡಗಿತು.

ಕೆಳಗಿನ ಮನೆಯ ಗ್ರಿಲ್ಲಿಗೆ ಅದು ತಗಲಲಿಲ್ಲ. ಅದರ ಕೆಳಗಿನ ಬಾಲ್ಕನಿ ಬಂದಾಗ ಬುಟ್ಟಿಗೂ ಗ್ರಿಲ್ಲಿಗೂ ನಡುವೆ ಒಂದು ಗೇಣು ಬೆಳಕು ಕಾಣುತ್ತಿತ್ತು. ನೆಲ ಮುಟ್ಟುವ ಹೊತ್ತಿಗೆ ಬುಟ್ಟಿ ಗೋಡೆ ಬಿಟ್ಟು ದೂರ ಸರಿದಿತ್ತು. ಸೊಪ್ಪಿನವಳು ಅಭ್ಯಾಸಬಲದಿಂದ ಗೋಡೆಯ ಕಡೆ ಕೈ ಚಾಚಿ, ಬುಟ್ಟಿ ಅಲ್ಲಿಲ್ಲದೆ, ಒಂದು ಹೆಜ್ಜೆ ಹಿಂದೆ ಬಂದು ಹಿಡಿದಳು. "ಏನಜ್ಜಿ, ದಿನದಿನಾ ಈಚೆಗೆ ಬಿಡ್ತೀಯ!" ಅಂತ ಮೇಲಕ್ಕೆ ಕೂಗಿದಳು.

"ನಾನೆಲ್ಲಿ ಬಿಡ್ತೀನವ್ವ, ಅದೇ ಬತ್ತೈತೆ" ಅಂತು ಮೇಲಿನ ದನಿ.

ಗೆಳೆಯನ ಕೈಯಲ್ಲಿದ್ದ ಚಹಾದ ಲೋಟ ಹಾಗೇ ನಿಂತಿತು. ಹಗ್ಗ, ತುದಿಯಲ್ಲಿ ಭಾರ. ನಾವು ನೀರಿನ ಬಕೆಟ್ಟಿನಲ್ಲಿ ಮಾಡಿದ್ದನ್ನೇ ಅತ್ತೆ ದಿನಾ ದಂಟಿನ ಸೊಪ್ಪಿನಲ್ಲಿ ಮಾಡುತ್ತಿದ್ದರು. ಇದಕ್ಕೆ ಪ್ಯಾರಲಾಕ್ಸ್ ಅನ್ನುವವರು ಯಾರೂ ಇರಲಿಲ್ಲ. ಅವನು ಲೋಟವನ್ನು ಮೆಟ್ಟಿಲ ಮೇಲಿಟ್ಟ. ಲೋಟ ಉರುಳೀತೇ ಎಂಬಂತೆ ಅದನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಓಡಿದ.

ನಾನೂ ಹಿಂದೆ ಹೋದೆ. ವಾಲಿರುವ ಕಟ್ಟಡವನ್ನು ಹತ್ತುವುದು ಜಾಣರ ಲಕ್ಷಣವಲ್ಲ, ನನಗೆ ಅದು ಎರಡನೇ ಅಂತಸ್ತಿನಲ್ಲಿ ಹೊಳೆಯಿತು. ಮೆಟ್ಟಿಲ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕೊಂದು ನಮ್ಮ ಜೊತೆಗೇ ಹತ್ತಿ ಬರುತ್ತಿತ್ತು. ಮನೆಯ ಬಾಗಿಲು ತೆರೆದಿತ್ತು. ಅತ್ತೆ ನೆಲದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಬಾಲ್ಕನಿಯ ಬಾಗಿಲ ಮೂಲೆಯಲ್ಲಿ ನಿಂಬೆಹಣ್ಣು.

"ಅತ್ತೆ, ಏಳಿ. ಕೆಳಗೆ ಹೋಗೋಣ. ಈಗ್ಲೇ."

"ರಾಹುಕಾಲ ಕಣ್ರೀ ಅಳಿಯಂದ್ರೆ. ಹನ್ನೆರಡರ ಗಂಟ ಹೊಸ್ಲು ದಾಟಲ್ಲ. ದಾಟಂಗಿದ್ರೆ ಬುಟ್ಟಿ ಯಾಕೆ ಬಿಡ್ತಿದ್ದೆ?"

"ಅತ್ತೆ, ಈ ಕಟ್ಟಡ ವಾಲಿದೆ. ನಿನ್ನೆ ಅಳೆದಿದ್ದೀವಿ. ಗುರುತ್ವ ಕೇಂದ್ರ ಅನ್ನೋದು..."

"ಅದ್ಯಾವ ಕೇಂದ್ರವೋ. ಆಸ್ಪತ್ರೆಯಿಂದ ಮಗಳು ಬರ್ಲಿ, ಬತ್ತೀನಿ."

"ಅವಳು ಬರೋದು ಸಂಜೆ!"

"ಅಂಗಾದ್ರೆ ಸಂಜೆ."

ಅವನು ನನ್ನ ಕಡೆ ನೋಡಿದ. ನಾನು ವಿಜ್ಞಾನದ ಕಡೆಯಿಂದ ಎರಡು ಮಾತು ಸೇರಿಸಿದೆ. ಅತ್ತೆ ನನಗೆ ಕೂರಲು ಮಣೆ ಕೊಟ್ಟರು. ಕೆಳಗಿನಿಂದ ಪಂಪಿನ ಸದ್ದು ಅಂಗಾಲಿಗೆ ತಾಗುತ್ತಿತ್ತು. ಗೆಳೆಯ ಬಾಗಿಲ ಚೌಕಟ್ಟು ಹಿಡಿದು ನಿಂತ. ಬೂದಿ ಬರಿಸುತ್ತಿದ್ದ ಕೈ, ಕರ್ಪೂರ ಉರಿಸುತ್ತಿದ್ದ ನಾಲಗೆ.

"ಅತ್ತೆ, ನೀವು ಹೇಳಿದ್ದೇ ಸರಿ" ಅಂದ. "ಈ ಮನೇಲಿ ಗಾಳಿ ಇದೆ."

ಸೊಪ್ಪು ಬಿಡಿಸುವ ಕೈ ನಿಂತಿತು.

"ಯಾರಂದ್ರು?"

"ನಾನೇ ನೋಡ್ದೆ. ಈಗ. ನಿಮ್ಮ ಬುಟ್ಟೀನ ಎಳೀತಾ ಇತ್ತು."

ಅತ್ತೆ ನನ್ನ ಮುಖ ನೋಡಿದರು. ಸಾಕ್ಷಿ ಬೇಕಿತ್ತು. ನಾನು ತಲೆಯಾಡಿಸಿದೆ. ನ್ಯೂಟನ್ನನ ಆತ್ಮ ಎಲ್ಲಿದ್ದರೂ ಶಾಂತಿಯಲ್ಲಿರಲಿ. ನೆಲದ ಕಡೆಯಿಂದ ಏನೋ ಬುಟ್ಟಿಯನ್ನು ಎಳೆಯುತ್ತಿತ್ತೆಂಬುದು ಸುಳ್ಳೇನೂ ಅಲ್ಲ.

"ಆವಾಗಿಂದ ಬಡ್ಕಂತಿದ್ದೆ" ಎಂದು ಅತ್ತೆ ಎದ್ದರು. ಕೋಪವಿರಲಿಲ್ಲ, ಗೆದ್ದ ಗಾಂಭೀರ್ಯವಿತ್ತು. ಗ್ಯಾಸ್ ಆರಿಸಿದರು, ದೇವರ ಪಟ ಕಂಕುಳಲ್ಲಿ ಇಟ್ಟುಕೊಂಡರು. "ರಾಹುಕಾಲ?" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಗೆಳೆಯ ನನ್ನ ಕಾಲು ತುಳಿದ. "ರಾಹು ಒಂದೂವರೆ ಗಂಟೆ ಇದ್ದು ಓಯ್ತಾನೆ ಸಾಮಿ. ಇದು ಓಗಲ್ಲ" ಅಂದರು ಅತ್ತೆ.

ಇಳಿಯುವಾಗ ಅವರು ಒಂದು ಬಾಗಿಲನ್ನೂ ಬಿಡಲಿಲ್ಲ. "ಏಳ್ರಪ್ಪೋ! ಇಲ್ಲಿ ಗಾಳಿ ಐತೆ! ನಮ್ ಅಳಿಯಂದ್ರು ಕಣ್ಣಾರೆ ನೋಡವ್ರೆ! ಲೆಕ್ಕದ ಮೇಷ್ಟ್ರು!" ಎಂದು ಕದ ತಟ್ಟುತ್ತ ಇಳಿದರು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಐಟಿ ಹುಡುಗರು ಚಡ್ಡಿಯಲ್ಲೇ ಬಂದರು. "ಏನ್ ಆಂಟಿ, ಫೈರಾ?" "ದೆವ್ವ ಅಂತೆ ಮಗಾ." "ಯಾರ್ ಹೇಳಿದ್ದು?" "ಮ್ಯಾಥ್ಸ್ ಸರ್ ಅಂತೆ." "ಮ್ಯಾಥ್ಸ್ ಸರ್ರಾ? ಲ್ಯಾಪ್‌ಟಾಪ್ ತಗೋ, ನಡಿ." ಇನ್ನೊಂದು ಮನೆಯಾಕೆ ಮಗುವನ್ನು ಸೊಂಟಕ್ಕೇರಿಸಿಕೊಂಡು, ಕುಕ್ಕರನ್ನೂ ಎತ್ತಿಕೊಂಡು ಬಂದಳು. ಸೀಟಿ ಹೊಡೆಯುತ್ತಿದ್ದ ಕುಕ್ಕರು. ನಾಲ್ಕನೇ ಅಂತಸ್ತಿನವರನ್ನು ಗೆಳೆಯ ಮತ್ತೆ ಹತ್ತಿ ಹೋಗಿ ಕರೆತಂದ. ನಲವತ್ತು ಮೇಷ್ಟ್ರುಗಳ ಅಳತೆಗೆ ಅಲ್ಲಾಡದ ಕಟ್ಟಡ ಒಂದು ಮಾತಿಗೆ ಖಾಲಿಯಾಯಿತು.

ರಸ್ತೆಯಲ್ಲಿ ಮಾಲೀಕರು ಕುರ್ಚಿಯಲ್ಲೇ ಇದ್ದರು, ಆದರೆ ಮುಖ ಕೆಂಪಾಗಿತ್ತು.

"ಏನ್ ಸಾ ಇದು? ಓದ್ದೋರು ನೀವು. ವಾಲೈತೆ ಅನ್ನಿ, ಇಂಜಿನಿಯರ್ ಕರುಸ್ತೀನಿ. ದೆವ್ವ ಐತೆ ಅಂದ್ರೆ ನಾಳೆ ಯಾವನು ಬತ್ತಾನೆ ಬಾಡಿಗೆಗೆ?"

"ವಾಲಿದೆ ಅಣ್ಣ" ಅಂದ ಗೆಳೆಯ. "ವಾಲಿದೆ ಅಂತಾನೇ ಹೇಳ್ತಿದೀನಿ."

"ಎಲ್ ವಾಲೈತೆ? ಎಂಥಾ ಭೂಮಿ ಗೊತ್ತಾ ಇದು? ನಮ್ಮಪ್ಪ ಇಲ್ಲಿ ಭತ್ತ ಬೆಳೀತಿದ್ದ. ಬೇಸ್ಗೇಲೂ ಮಂಡಿಯುದ್ದ ಕೆಸರು. ಒಂದ್ ವರ್ಷ ಒಣಗಿದ್ದಿಲ್ಲ! ಅಂಥಾ ಚಿನ್ನದಂಥಾ ಭೂಮಿ!"

ಅವರು ಹೆಮ್ಮೆಯಿಂದ ನಮ್ಮನ್ನೆಲ್ಲ ನೋಡಿದರು. ತಾವೇ ಹೇಳಿದ್ದು ತಮ್ಮ ಕಿವಿಗೆ ತಲುಪಲು ಸ್ವಲ್ಪ ಹೊತ್ತು ಹಿಡಿಯಿತು. ಹಿಡಿದರೂ ಏಳಲಿಲ್ಲ. "ನಾನು ಇಲ್ಲೇ ಕೂತಿರ್ತೀನಿ. ಏನಾಗುತ್ತೋ ನೋಡೇಬಿಡ್ತೀನಿ" ಎಂದು ಕುರ್ಚಿಯ ಕೈಗಳನ್ನು ಹಿಡಿದುಕೊಂಡರು.

ಮೇಡಂ ಹುಡುಗಿ ಗೇಟಿನಲ್ಲಿ ಫೋನು ಹಿಡಿದು ಯಾರಿಗೋ ಇಂಗ್ಲಿಷಿನಲ್ಲಿ ಕೂಗುತ್ತಿದ್ದಳು. ಅವಳ ಮುಖದಲ್ಲಿ ಉತ್ಸಾಹ ಇಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಟ್ಟಡದಡಿಯ ಮಣ್ಣಿನ ನೀರನ್ನೆಲ್ಲ ಗುಂಡಿ ಎಳೆಯುತ್ತಿದೆ, ಕೆಲಸ ನಿಲ್ಲಿಸಿರೆಂದು ಅಪ್ಪಣೆ ಬಂತೆಂದು ಕಾಣುತ್ತದೆ, ಯಾರೋ ಹೋಗಿ ಪಂಪು ಆರಿಸಿದರು.

ಮೂರು ದಿನದಲ್ಲಿ ಮೊದಲ ಬಾರಿಗೆ ಸದ್ದು ನಿಂತಿತು. ಕಾಗೆ ಕೂಗಿದ್ದು ಕೇಳಿತು. ಕುಕ್ಕರಿನ ಆವಿ ಸುಯ್ಯನ್ನುವುದು ಕೇಳಿತು. ಆಮೇಲೆ ಕಟ್ಟಡದ ಒಳಗಿನಿಂದ, ಎಲ್ಲೋ ಎರಡನೇ ಅಂತಸ್ತಿನಿಂದ, ಟಕ್ ಎಂದು ಒಂದು ಸದ್ದು. ಲಟಿಗೆ ಮುರಿದಂತೆ, ಅಷ್ಟೇ ಸಣ್ಣದು.

"ಟೈಲ್ಸು" ಅಂದರು ಮಾಲೀಕರು. "ಸೆಕೆಗೆ ಬಿಟ್ಕಂತವೆ."

ಇನ್ನೊಂದು. ಸ್ವಲ್ಪ ಬಿಟ್ಟು, ಮೇಲೆಲ್ಲೋ, ಮತ್ತೊಂದು. ಯಾರೋ ಒಳಗೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಿರುವಂತೆ. ಪಂಪಿನ ಗದ್ದಲದ ಅಡಿಯಲ್ಲಿ ಇದು ಎಂದಿನಿಂದ ನಡೆದಿತ್ತೋ ಯಾರು ಬಲ್ಲರು.

ಅತ್ತೆ ದೇವರ ಪಟದ ಜೊತೆ ಕುರ್ಚಿಯ ಮುಂದೆ ಬಂದು ನಿಂತರು. "ಎದ್ದು ಬಾರಪ್ಪ. ನಿಂಗೂ ಮಕ್ಕಳವ್ರೆ."

ಮಾಲೀಕರು ಎದ್ದರು. ಕುರ್ಚಿಯನ್ನು ತಾವೇ ಎತ್ತಿಕೊಂಡು ರಸ್ತೆ ದಾಟಿದರು. "ಆ ಕಡೆ ನೆರಳೈತೆ, ಅದಕ್ಕೆ" ಅಂದರು. ಆ ಕಡೆ ರಣಬಿಸಿಲು. ನೆರಳೆಲ್ಲ ಕಟ್ಟಡದ ಬುಡದಲ್ಲೇ ಇತ್ತು.

ಸಮಾರೋಪ ಮೈದಾನದ ಆಚೆ ತುದಿಯ ಹೊಂಗೆ ಮರದಡಿಯಲ್ಲಿ ನಡೆಯಿತು. ಪ್ರಮಾಣಪತ್ರ ಪಡೆಯುವಾಗ ಎಲ್ಲರೂ ಫೋಟೋದವನ ಕಡೆ ಬಿಟ್ಟು ಕಟ್ಟಡದ ಕಡೆ ನೋಡುತ್ತಿದ್ದರು. ಈ ಪತ್ರದಲ್ಲಿ ನಾನು ಸೃಜನಶೀಲನಾಗಿದ್ದೇನೆಂದು ಮೊಹರು ಸಹಿತ ಬರೆದಿದೆ. ಚಾರ್ಟ್ ಹಾಳೆ, ಅದರ 53, ಅದರ ಹೃದಯ, ಎಲ್ಲ ಹಾಲಿನಲ್ಲೇ ಉಳಿದವು. ತೆಗೆದುಕೊಂಡು ಬರಲು ಒಳಗೆ ಹೋಗುವವರು ಯಾರೂ ಇರಲಿಲ್ಲ.

ಕಟ್ಟಡ ಬೀಳಲಿಲ್ಲ. ಬಿದ್ದಿದ್ದರೆ ಒಂದು ಕತೆಯಾದರೂ ಮುಗಿಯುತ್ತಿತ್ತು. ಗುಂಡಿಯನ್ನು ಮಣ್ಣು ಸುರಿದು ಮುಚ್ಚಿದರು. ಪ್ರಯೋಗಾಲಯದಲ್ಲಿ ಆಗಬಹುದಾದದ್ದೆಲ್ಲ ಕಟ್ಟುವ ಮೊದಲೇ ಆಗಿತ್ತು. ಶಾಲೆಯ ಕಡೆಯಿಂದ ಕಬ್ಬಿಣದ ಆಸರೆಗಳನ್ನು ನಿಲ್ಲಿಸಿದ್ದಾರೆ. ಗಲ್ಲಿ ಮುಚ್ಚಿದೆ, ಆ ಬದಿಯ ತರಗತಿಗಳಿಗೆ ಬೀಗ ಬಿದ್ದಿದೆ. ನವಿಲು ಬಣ್ಣ ಇನ್ನೂ ಹೊಸದಾಗಿಯೇ ಇದೆ. ಆ ಕಡೆ ಹೋದಾಗ ನೋಡುತ್ತೇನೆ: ಮಾಲೀಕರು ರಸ್ತೆಯ ಈಚೆ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ಕಟ್ಟಡವನ್ನೇ ನೋಡುತ್ತ. "ಓಮ ಮಾಡ್ಸಿದೀನಿ ಸಾ, ಈಗೇನಿಲ್ಲ" ಅನ್ನುತ್ತಾರೆ. ಕುರ್ಚಿಯನ್ನು ಮಾತ್ರ ಮತ್ತೆ ಕಟ್ಟಡದ ಮುಂದಕ್ಕೆ ಒಯ್ದಿಲ್ಲ.

ಗೆಳೆಯ ವೈಟ್‌ಫೀಲ್ಡಿನಲ್ಲಿ, ಮೆಟ್ರೋ ಹಳಿಯ ಸಮೀಪ, ಒಂದೇ ಅಂತಸ್ತಿನ ಹಳೇ ಮನೆ ಹಿಡಿದ. ಶಾಲೆಗೆ ದೂರ, ಆದರೂ ಹಿಡಿದ. ಪವಾಡದ ಭಾಷಣಗಳಿಗೆ ಈಗಲೂ ಹೋಗುತ್ತಾನಂತೆ. ಮನೆಗೆ ಬಂದವರಿಗೆಲ್ಲ ಅತ್ತೆ, "ನಮ್ ಅಳಿಯಂದ್ರು ದೆವ್ವಾನ ಕಣ್ಣಾರೆ ನೋಡವ್ರೆ" ಎಂದು ಹೇಳುತ್ತಾರೆ. ಅವನು ಹತ್ತಿರದಲ್ಲೇ ಇದ್ದರೂ ಅಲ್ಲಗಳೆಯುವುದಿಲ್ಲ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ, ಇನ್ನೊಂದು ಸಲ ಬೇಕಾದಾಗ ಅತ್ತೆ ನಂಬದೆ ಹೋದಾರೆಂಬ ಭಯ.

ಅವರು ಹೊಸ ಮನೆಗೆ ಹೋದ ದಿನ ನನ್ನನ್ನೂ ಕರೆದಿದ್ದ. ಸಾಮಾನಿನ್ನೂ ಗಂಟಿನಲ್ಲೇ ಇತ್ತು. ಹಾಲುಕ್ಕಿಸಿದ ಮೇಲೆ ಅತ್ತೆ ನಡುಮನೆಯ ನಟ್ಟನಡುವೆ ನೆಲ ಒರೆಸಿ, ಒಂದು ನಿಂಬೆಹಣ್ಣು ಇಟ್ಟರು. ಗೆಳೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ನಾನೂ ಕೂತೆ. ಅವನ ಹೆಂಡತಿ ಕಾಫಿ ಲೋಟ ಹಿಡಿದು ಬಂದವಳು ಅಲ್ಲೇ ನಿಂತಳು. ಇಬ್ಬರು ವಿಜ್ಞಾನ ಪದವೀಧರರು, ಒಬ್ಬ ನರ್ಸು, ಒಬ್ಬ ಮುದುಕಿ, ಒಂದು ನಿಂಬೆಹಣ್ಣು. ನಾನು ಕಂಡ ಪ್ರಯೋಗಗಳಲ್ಲೆಲ್ಲ ಅತ್ಯಂತ ಪ್ರಾಮಾಣಿಕವಾದದ್ದು ಅದು. ಯಾರ ಬಳಿಯೂ ಉತ್ತರ ಮೊದಲೇ ಇರಲಿಲ್ಲ.

ಹಣ್ಣು ಅಲುಗಲಿಲ್ಲ. ಕಾಫಿ ತಣ್ಣಗಾಗುವವರೆಗೂ ಅಲುಗಲಿಲ್ಲ. ಅತ್ತೆ ನಿಟ್ಟುಸಿರಿಟ್ಟು ಸೆರಗು ಸರಿಮಾಡಿಕೊಂಡರು. ಗೆಳೆಯನ ಹೆಗಲು ಇಳಿಯಿತು.

ಆಗ ಹೊರಗೆ ಮೆಟ್ರೋ ಹಾದುಹೋಯಿತು. ನಿಂಬೆಹಣ್ಣು ಒಂದು ಸಲ ನಡುಗಿತು, ಕೂದಲೆಳೆಯಷ್ಟು, ನಿಂತಲ್ಲೇ.

"ಮೆಟ್ರೋ" ಅಂದಳು ಅವನ ಹೆಂಡತಿ.

"ಹೌದು, ಮೆಟ್ರೋ" ಅಂದ ಗೆಳೆಯ.

"ಮೆಟ್ರೋನೇ" ಎಂದು ನಾನೂ ಅಂದೆ. ಯಾರೂ ಏಳಲಿಲ್ಲ. ಮುಂದಿನ ರೈಲು ಬರಲಿ, ನೋಡೋಣ ಎಂದು ಕೂತೆವು.